ಸಿರಗುಂಪಿಯ ಬಿಸಿಲಿಗೊಂದು ಬ್ರೈಟ್‌ನೆಸ್ ಗುಂಡಿ

ಸೂರ್ಯನ ಬೆಳಕನ್ನು ಗುಂಡಿ ಒತ್ತಿ ಹೆಚ್ಚು ಕಡಿಮೆ ಮಾಡಿದವರು ಮೂರು ಲೋಕದಲ್ಲಿ ಇಬ್ಬರೇ. ಒಬ್ಬ ನಾನು. ಇನ್ನೊಬ್ಬಳು ನನ್ನ ಹೆಂಡತಿ ನೀಲವ್ವ. ದೇವಾನುದೇವತೆಗಳು ಸೂರ್ಯನನ್ನು ತಡೆದು ನಿಲ್ಲಿಸಿದ ಕಥೆಗಳು ನೂರಿವೆ, ಇಲ್ಲವೆನ್ನುವುದಿಲ್ಲ. ಆದರೆ ಅವರಲ್ಲಿ ಯಾರೂ ಆ ಕೆಲಸವನ್ನು ಹಳೆಯ ಲ್ಯಾಪ್‌ಟಾಪೊಂದರಿಂದ, ಅದೂ ಎಡಗೈಯಲ್ಲಿ ಚಹಾದ ಕಪ್ಪು ಹಿಡಿದುಕೊಂಡು ಮಾಡಿರಲಿಲ್ಲ.

ನನ್ನ ಹೆಸರು ಹುಚ್ಚೀರಪ್ಪ. ಸಿರಗುಂಪಿಯ ಬಸ್ ಸ್ಟ್ಯಾಂಡಿನ ಎದುರು ನನ್ನ ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಏಳು ತಾಲೂಕಿನಲ್ಲಿ ನನ್ನಂಥ ಕೈ ಇನ್ನೊಂದಿಲ್ಲ. ಕೆಟ್ಟುಹೋದ ಎಷ್ಟೋ ಲ್ಯಾಪ್‌ಟಾಪುಗಳು ನನ್ನ ಅಂಗಡಿಯ ಬೋರ್ಡು ಕಂಡೊಡನೆ ಚೀಲದೊಳಗೇ ಹೆದರಿ ಚಾಲೂ ಆಗಿಬಿಡುತ್ತವೆ. ಗಿರಾಕಿಗಳು ಬಾಗಿಲಿನಿಂದಲೇ ವಾಪಸ್ಸು ಹೋಗುತ್ತಾರೆ. ನನ್ನ ವ್ಯಾಪಾರ ಅಷ್ಟಕ್ಕಷ್ಟೇ ಇರುವುದಕ್ಕೆ ಕಾರಣ ಇದೇ ಹೊರತು ಬೇರೆ ಇಲ್ಲ.

ಮೊದಲು ನಮ್ಮೂರ ಬಿಸಿಲಿನ ವಿಷಯ ಹೇಳಬೇಕು. ಬೇಸಿಗೆಯಲ್ಲಿ ಹಾರಿಕೊಂಡು ಬರುವ ಕಾಗೆಗಳು ಸಿರಗುಂಪಿಯ ಸೀಮೆ ಬಂದೊಡನೆ ಕೆಳಗಿಳಿದು ಬಸ್ಸು ಹತ್ತುತ್ತಿದ್ದವು. ಎಮ್ಮೆ ಕರೆದರೆ ಕಾಸಿದ ಹಾಲೇ ಬರುತ್ತಿತ್ತು. ಕೆನೆ ತೆಗೆಯುವುದೊಂದೇ ಹೆಂಗಸರ ಕೆಲಸ. ಊರ ಹೊರಗಿನ ಕಲ್ಲಿನ ಯಾರ್ಡಿನಲ್ಲಿ, ಗಣಿಯಿಂದ ಬಂದ ಕರಿಕಲ್ಲಿನ ಹಲಗೆಗಳ ಮೇಲೆ ರೊಟ್ಟಿ ಹಾಕಿದರೆ ಎರಡೂ ಮಗ್ಗುಲು ಬೇಯುತ್ತಿತ್ತು.

ನೀಲವ್ವ ಆ ಯಾರ್ಡಿನಲ್ಲಿ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸ ಮಾಡುತ್ತಾಳೆ. ಹನ್ನೆರಡು ವರ್ಷದಿಂದ, ತಲೆಯ ಮೇಲೆ ಸೂರಿಲ್ಲದ ಜಾಗದಲ್ಲಿ. ನಾಲ್ಕು ವರ್ಷದ ಹಿಂದೆ ಚೈತ್ರದಲ್ಲಿ ಒಂದು ಮಧ್ಯಾಹ್ನ ಅವಳು ಪಾಲಿಶ್ ಮಶೀನಿನ ಮೇಲೆಯೇ ಕುಸಿದು ಬಿದ್ದಳು. ಬಿಸಿಲು ಬಡಿದಿತ್ತು. ಮೂರು ದಿನ ಅವಳಿಗೆ ನನ್ನ ಗುರುತು ಸಿಗಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನೊಮ್ಮೆ ಹೀಗಾದರೆ ಉಳಿಸಿಕೊಡುತ್ತೇನೆಂದು ಮಾತು ಕೊಡಲಾರೆ ಎಂದರು. ಇದರಲ್ಲಿ ನಾನು ಒಂದಕ್ಷರವನ್ನೂ ಹೆಚ್ಚಿಗೆ ಸೇರಿಸಿಲ್ಲ.

ಅದರ ಮರುವರ್ಷ ನಮ್ಮೂರ ಮೇಲೆ ಚಪ್ಪರ ಬಂತು.

ಚಪ್ಪರ ಎಂಬುದು ಜನ ಇಟ್ಟ ಹೆಸರು. ಅದರ ಸರಕಾರಿ ಹೆಸರು ಒಂದೂವರೆ ಸಾಲು ಉದ್ದವಿದ್ದು, ಓದಿ ಮುಗಿಸುವಷ್ಟರಲ್ಲಿ ಬಿಸಿಲು ತಾನಾಗಿಯೇ ಇಳಿಯುತ್ತಿತ್ತು. ಭೂಮಿಯಿಂದ ಹದಿನೆಂಟು ಕಿಲೋಮೀಟರ್ ಮೇಲೆ, ಮೋಡಗಳಿಗಿಂತ ಎತ್ತರದಲ್ಲಿ, ದೊಡ್ಡ ದೊಡ್ಡ ಬಲೂನುಗಳಿಗೆ ಕಟ್ಟಿ ತೂಗುಬಿಟ್ಟ ಎರಡು ಸಾವಿರ ತೆಳು ಹಾಳೆಗಳು. ಒಂದೊಂದು ಹಾಳೆಯೂ ನಮ್ಮೂರ ಕೆರೆಯಷ್ಟು ಅಗಲ, ಈರುಳ್ಳಿಯ ಸಿಪ್ಪೆಯಷ್ಟು ತೆಳ್ಳಗೆ. ಎರಡು ಪದರಗಳ ನಡುವೆ ಒಂದು ಬಗೆಯ ದ್ರವ ಹರಳು. ಸ್ವಲ್ಪ ವಿದ್ಯುತ್ ಕೊಟ್ಟರೆ ಹರಳುಗಳು ಮಗ್ಗುಲು ಬದಲಿಸಿ ಬೆಳಕನ್ನು ತಡೆಯುತ್ತವೆ. ವಿದ್ಯುತ್ ತೆಗೆದರೆ ದಾರಿ ಬಿಡುತ್ತವೆ. ನಿಮ್ಮ ಲ್ಯಾಪ್‌ಟಾಪಿನ ಪರದೆಯೊಳಗೆ ಕೆಲಸ ಮಾಡುವುದೂ ಇಂಥದೇ ಹರಳು. ವ್ಯತ್ಯಾಸ ಇಷ್ಟೇ: ಲ್ಯಾಪ್‌ಟಾಪಿನ ಪರದೆಯ ಹಿಂದೆ ಪುಟ್ಟ ದೀಪವಿರುತ್ತದೆ, ಚಪ್ಪರದ ಹಿಂದೆ ಸೂರ್ಯ.

ಚಪ್ಪರ ಬಂದ ಮೇಲೆ ಸಿರಗುಂಪಿ ಬದಲಾಯಿತು. ಮಧ್ಯಾಹ್ನ ಒಂದು ಗಂಟೆಗೆ ಮುದುಕರು ಕಟ್ಟೆಯ ಮೇಲೆ ಕೂತು ಚೌಕಾಬಾರ ಆಡತೊಡಗಿದರು. ಕೊಡೆ ಮಾರುವ ಸಾಹುಕಾರನು ಸ್ವೆಟರ್ ತರಿಸಿದ. ಪಕ್ಕದ ಊರಿನವರು ಹೆಣ್ಣು ಕೊಡುವಾಗ, ಹುಡುಗನ ಮನೆ ಚಪ್ಪರದ ಒಳಗೋ ಹೊರಗೋ ಎಂದು ಮೊದಲು ಕೇಳುತ್ತಿದ್ದರು. ಹಪ್ಪಳ ಸಂಡಿಗೆ ಮಾಡುವವರು ಮಾತ್ರ ಗೊಣಗುತ್ತಿದ್ದರು. ಅವರಿಗಾಗಿ ವಾರಕ್ಕೆ ಎರಡು ದಿನ ಬೆಳಿಗ್ಗೆ ಎರಡು ತಾಸು ಹಾಳೆಗಳನ್ನು ತೆರೆಯುವುದೆಂದು ತೀರ್ಮಾನವಾಯಿತು. ಆ ಬೇಸಿಗೆಯಲ್ಲಿ ನೀಲವ್ವ ಒಂದು ದಿನವೂ ತಲೆ ತಿರುಗುತ್ತದೆ ಎನ್ನಲಿಲ್ಲ. ಸಂಜೆ ಮನೆಗೆ ಬಂದು ನನ್ನೊಡನೆ ಜಗಳಾಡುವಷ್ಟು ಶಕ್ತಿ ಅವಳಲ್ಲಿ ಉಳಿದಿರುತ್ತಿತ್ತು. ಅದಕ್ಕಿಂತ ದೊಡ್ಡ ಸುಖ ನಾನು ಕಂಡಿಲ್ಲ.

ಆದರೆ ಚಪ್ಪರ ನಮಗೆ ಕೊಟ್ಟದ್ದು ಪರೀಕ್ಷೆಗೆಂದು. ಒಂದೂವರೆ ವರ್ಷದ ನಂತರ ಒಂದು ತಂಡ ಬಂದು ನೋಡಿ, ಅದು ಇಲ್ಲಿಯೇ ಇರಬೇಕೋ ಬಿಚ್ಚಿ ಒಯ್ಯಬೇಕೋ ಎಂದು ತೀರ್ಮಾನಿಸುವುದಿತ್ತು. ತಂಡ ಬರುವ ದಿನ ಗೊತ್ತಾಯಿತು: ದಸರೆಯ ಖಂಡೇನವಮಿ, ಸಂಜೆ ನಾಲ್ಕು ಗಂಟೆ. ಅವರ ಊರಿನಲ್ಲಿ ಖಂಡೇನವಮಿಗೆ ರಜೆ ಇರಲಿಲ್ಲವೋ ಏನೋ.

ಅದಕ್ಕೆ ಒಂಬತ್ತು ದಿನ ಮೊದಲು ಸಿಡಿಲು ಬಡಿದು ನಿಯಂತ್ರಣ ಕೊಠಡಿಯ ದೊಡ್ಡ ಕಂಪ್ಯೂಟರ್ ಸುಟ್ಟುಹೋಯಿತು.

ನಿಯಂತ್ರಣ ಕೊಠಡಿಯ ಮುಖ್ಯಸ್ಥೆ ಡಾಕ್ಟರ್ ಅಂಬುಜಾ ಕಟ್ಟಿ. ಧಾರವಾಡದವರು, ತೂಕದ ಮಾತು, ಮೂಗಿನ ತುದಿಯಲ್ಲಿ ಕನ್ನಡಕ. ಹೊಸ ಕಂಪ್ಯೂಟರ್ ಬರಲು ಹದಿನೈದು ದಿನ ಬೇಕೆಂದು ಮೇಲಿನವರು ಹೇಳಿದಾಗ ಅವರು ನೇರವಾಗಿ ನನ್ನ ಅಂಗಡಿಗೆ ಬಂದರು. ದೇಶದ ದೊಡ್ಡ ದೊಡ್ಡ ಎಂಜಿನಿಯರುಗಳನ್ನೆಲ್ಲ ಬಿಟ್ಟು ನನ್ನನ್ನೇ ಹುಡುಕಿಕೊಂಡು ಬಂದರು ಎಂದು ನಾನು ಹೇಳುತ್ತೇನೆ. ಅಂದು ತೆರೆದಿದ್ದದ್ದು ನನ್ನದೊಂದೇ ಅಂಗಡಿ ಎಂದು ನೀಲವ್ವ ಹೇಳುತ್ತಾಳೆ.

ನಾನು ಕಪಾಟಿನಿಂದ ಎಂಟು ವರ್ಷದ ಹಳೆಯ ಲ್ಯಾಪ್‌ಟಾಪ್ ಇಳಿಸಿ, ಧೂಳು ಊದಿ, ನಿಯಂತ್ರಣ ಕೊಠಡಿಗೆ ಒಯ್ದು, ಚಪ್ಪರದ ತಂತಿಯನ್ನು ಅದಕ್ಕೆ ಜೋಡಿಸಿದೆ. ಅದು ಎರಡು ನಿಮಿಷ ಯೋಚಿಸಿತು. ಆಮೇಲೆ ಮೂಲೆಯಲ್ಲಿ ಒಂದು ಸಣ್ಣ ಚೌಕ ಮೂಡಿತು: ಎರಡನೆಯ ಮಾನಿಟರ್ ಪತ್ತೆಯಾಗಿದೆ. ಆ ಬಡಪಾಯಿ ಯಂತ್ರ, ಹದಿನೆಂಟು ಕಿಲೋಮೀಟರ್ ಎತ್ತರದಲ್ಲಿ ಊರಿನಷ್ಟು ಅಗಲಕ್ಕೆ ಹರಡಿಕೊಂಡದ್ದನ್ನು, ಯಾರೋ ಇನ್ನೊಂದು ಪರದೆ ಸಿಕ್ಕಿಸಿದ್ದಾರೆ ಎಂದುಕೊಂಡಿತ್ತು. ಅದರದ್ದೇನು ತಪ್ಪು? ಹರಳೂ ಅದೇ, ಕೆಲಸವೂ ಅದೇ. ನಾನು ಕೀಲಿಮಣೆಯ ಮೇಲಿನ ಸಾಲಿನಲ್ಲಿ ಸೂರ್ಯನ ಚಿತ್ರವಿರುವ ಗುಂಡಿ ಒತ್ತಿದೆ. ಕಿಟಕಿಯ ಹೊರಗೆ ಇಡೀ ಸಿರಗುಂಪಿ ಒಂದು ಗೆರೆ ಮಬ್ಬಾಯಿತು. ಮತ್ತೊಂದು ಗುಂಡಿ ಒತ್ತಿದೆ, ಬೆಳಗಾಯಿತು. ಡಾಕ್ಟರ್ ಕಟ್ಟಿಯವರು ಕನ್ನಡಕ ತೆಗೆದು ಒರೆಸಿಕೊಂಡರು.

ನೂರಕ್ಕೆ ಐವತ್ತೈದರಲ್ಲಿ ನಿಲ್ಲಿಸಿ ಬಂದೆ. ಒಂಬತ್ತು ದಿನ ಊರಿನಲ್ಲಿ ನಾನು ನಡೆದದ್ದೇ ಬೇರೆ ನಡೆ. ಎದುರು ಸಿಕ್ಕವರಿಗೆಲ್ಲ ಬಿಸಿಲು ಸರಿಯಾಗಿದೆಯೇ ಎಂದು ಕೇಳುತ್ತಿದ್ದೆ, ಬಡಿಸುವವನು ಸಾರಿಗೆ ಉಪ್ಪು ಸರಿಯೇ ಎಂದು ಕೇಳುವ ಹಾಗೆ.

ಖಂಡೇನವಮಿ ಬಂತು. ಅಂದು ನಮ್ಮ ಕಡೆ ಕುಡಗೋಲಿನಿಂದ ಹಿಡಿದು ಲಾರಿಯವರೆಗೆ, ಅನ್ನ ಕೊಡುವ ಪ್ರತಿಯೊಂದಕ್ಕೂ ಪೂಜೆ. ನಾನು ನನ್ನ ಸ್ಕ್ರೂಡ್ರೈವರುಗಳಿಗೆ ಹೂವಿಟ್ಟು ಮನೆಗೆ ಬಂದೆ. ನೀಲವ್ವ ಯಾರ್ಡಿನಲ್ಲಿ ಪಾಲಿಶ್ ಮಶೀನಿಗೆ ಕಾಯಿ ಒಡೆದು ಬಂದಳು. ಅವ್ವ ಹೋಳಿಗೆ ಮಾಡಿ ಬುಟ್ಟಿ ತುಂಬಿಸಿದ್ದಳು. ಹನ್ನೊಂದು ಗಂಟೆಗೆ ತಟ್ಟೆ ಹಾಕಿಕೊಂಡು ಕೂತೆವು. ತುಪ್ಪ ಬೀಳುವಷ್ಟರಲ್ಲಿ ತಟ್ಟೆಯಲ್ಲಿ ಹೋಳಿಗೆ ಕಾಣಿಸಲಿಲ್ಲ.

ಕತ್ತಲೆಯೆಂದರೆ ಪೂರ್ತಿ ಕತ್ತಲೆಯಲ್ಲ, ದೀಪ ಹಚ್ಚುವ ಹೊತ್ತಿನ ಮಬ್ಬು. ಬೀದಿದೀಪಗಳು ತಾವಾಗಿಯೇ ಹೊತ್ತಿಕೊಂಡವು. ಮೇಯಲು ಹೋದ ಎಮ್ಮೆಗಳು ಹೊಟ್ಟೆ ತುಂಬದೆ ಮನೆಗೆ ಬಂದು ನಮ್ಮನ್ನೇ ಸಂಶಯದಿಂದ ನೋಡಿದವು. ಕೋಳಿಗಳು ಗೂಡು ಸೇರಿದವು. ಅವ್ವ ಪಂಚಾಂಗ ನೋಡದೆಯೇ ಗ್ರಹಣವೆಂದು ಸಾರಿ, ಹೋಳಿಗೆ ಬುಟ್ಟಿಯ ಮೇಲೆ ದರ್ಭೆ ಹಾಕಿ ಮುಚ್ಚಿದಳು. ಗ್ರಹಣ ಬಿಡುವತನಕ ಉಣ್ಣುವ ಹಾಗಿಲ್ಲ. ಓಣಿಯ ಅಷ್ಟೂ ಮನೆಗಳಲ್ಲಿ ಹಬ್ಬದ ಅಡುಗೆ ದರ್ಭೆಯ ಕೆಳಗೆ, ಹಸಿದ ಗಂಡಸರು ಕಟ್ಟೆಯ ಮೇಲೆ. ಪಂಚಾಂಗದಲ್ಲಿ ಇಲ್ಲದ ಗ್ರಹಣ ಹೇಗೆ ಬಂತೆಂದು ಪುರೋಹಿತರನ್ನು ಕೇಳಿದರೆ, ಅದು ಪಂಚಾಂಗ ಅಚ್ಚು ಹಾಕಿದವರ ತಪ್ಪು ಎಂದರಂತೆ.

ನೀಲವ್ವ ಮಾತ್ರ ಮೇಲೆ ನೋಡಲಿಲ್ಲ. ನನ್ನನ್ನೇ ನೋಡಿದಳು.

“ರೀ, ಇದು ನಿಮ್ಮ ಲ್ಯಾಪ್‌ಟಾಪಿನ ಗ್ರಹಣ ಏನು?”

ನನ್ನ ಲ್ಯಾಪ್‌ಟಾಪು ಹಾಗೆಲ್ಲ ಮಾಡುವಂಥದ್ದಲ್ಲ ಎಂದೆ. ಅವಳು ಚಪ್ಪಲಿ ಮೆಟ್ಟಿಕೊಂಡಳು.

“ನಾಲ್ಕಕ್ಕ ಅವ್ರು ಬರ್ತಾರ. ಹಗಲ ಹನ್ನೊಂದಕ್ಕ ಲೈಟ್ ಹಚ್ಚಿದ ಊರ ನೋಡಿದ್ರ ಚಪ್ಪರ ಬಿಚ್ಚಿಕೊಂಡು ಹೋಗ್ತಾರ. ಬರೂ ಚೈತ್ರದಾಗ ನಾ ಮತ್ತ ಆ ಬಿಸಿಲಾಗ ನಿಂದ್ರಬೇಕು. ಏಳ್ರಿ, ನಡೀರಿ.”

ಎದ್ದೆ.

ನಿಯಂತ್ರಣ ಕೊಠಡಿ ಊರಿನ ಗುಡ್ಡದ ಮೇಲಿದೆ. ಒಳಗೆ ಡಾಕ್ಟರ್ ಕಟ್ಟಿಯವರು ಕಿಟಕಿಯ ದಪ್ಪ ಪರದೆಗಳನ್ನು ಸರಿಸಿ ಆಕಾಶ ನೋಡುತ್ತಿದ್ದರು. ಅವರ ಜೊತೆಗೆ ಇದ್ದವನು ಫಕೀರಪ್ಪ. ಕೊಠಡಿಯ ಬೀಗದ ಕೈ, ಚಹಾ, ಕಸಬರಿಗೆ ಎಲ್ಲದರ ಯಜಮಾನ, ಇನ್ನೇನು ನಿವೃತ್ತಿಯಾಗುವ ಮನುಷ್ಯ. ಬೆಳಿಗ್ಗೆ ತಾನೇ ಸ್ನಾನ ಮಾಡಿ ಬಂದು ಕೊಠಡಿಯ ಅಷ್ಟೂ ಯಂತ್ರಗಳಿಗೆ ಪೂಜೆ ಮಾಡಿದ್ದ. ಊದುಬತ್ತಿಯ ಹೊಗೆ ಇನ್ನೂ ಆಡುತ್ತಿತ್ತು. ಬಲೂನುಗಳು ಸರಿಯಾಗಿವೆ, ತಂತಿಗಳು ಸರಿಯಾಗಿವೆ, ಹಾಳೆಗಳು ಹೇಳಿದ ಮಾತು ಕೇಳುತ್ತಿವೆ, ಆದರೆ ಅವುಗಳಿಗೆ ಮಬ್ಬಾಗಿರಿ ಎಂದು ಯಾರು ಹೇಳುತ್ತಿದ್ದಾರೋ ತಿಳಿಯುತ್ತಿಲ್ಲ ಎಂದು ಡಾಕ್ಟರ್ ಹೇಳಿದರು. ಹೇಳುವಾಗ ನನ್ನ ಲ್ಯಾಪ್‌ಟಾಪಿನ ಕಡೆಗೇ ನೋಡಿದರು.

ನಾನು ಗುಂಡಿ ಒತ್ತಿದೆ. ಬೆಳಕು ಏರಿತು. ಕೈ ತೆಗೆದೆ. ಮೆಲ್ಲಗೆ ಜಾರಿ ಮತ್ತೆ ತಳಕ್ಕೆ ಹೋಯಿತು, ತುಪ್ಪ ಸವರಿದ ಕಂಬ ಹತ್ತುವವನ ಹಾಗೆ. ಹತ್ತು ಸಲ ಒತ್ತಿದೆ. ಹತ್ತು ಸಲವೂ ಜಾರಿತು.

ಆಗ ನಾನು ಮಾಡಿದ್ದು ಯಾವ ರಿಪೇರಿಯವನಾದರೂ ಮಾಡುವಂಥದ್ದೇ. ಯಂತ್ರದೊಳಗೆ ಯಾವ ಯಾವ ಭಾಗಗಳಿವೆ, ಯಾವುದನ್ನು ಯಾರು ನಡೆಸುತ್ತಿದ್ದಾರೆ ಎಂಬ ಪಟ್ಟಿ ಆಪರೇಟಿಂಗ್ ಸಿಸ್ಟಮ್ಮಿನ ಒಳಗೆ ಇರುತ್ತದೆ. ಅದನ್ನು ತೆರೆದು, ಮಾನಿಟರ್ ಎಂಬ ಸಾಲಿಗೆ ಹೋಗಿ, ಚಪ್ಪರವನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶವನ್ನು ಕಿತ್ತು ಹಾಕಿದೆ. ಹೇಳುವವರು ಇಲ್ಲವಾದೊಡನೆ ಎರಡು ಸಾವಿರ ಹಾಳೆಗಳೂ ಒಮ್ಮೆಲೇ ತೆರೆದುಕೊಂಡವು. ಧಗ್ಗೆಂದು ಬಿಸಿಲು ಬಿತ್ತು. ಕೆಳಗೆ ಊರಿನಲ್ಲಿ ಗ್ರಹಣ ಬಿಟ್ಟಿತೆಂದು ಜನ ಸ್ನಾನಕ್ಕೆ ಹೊರಟರಂತೆ. ಆದರೆ ಚಪ್ಪರವಿದ್ದೂ ಬಿಸಿಲು ಬಿದ್ದರೆ ಚಪ್ಪರ ಯಾಕೆ? ಹಾಗೇ ಬಿಡುವಂತಿರಲಿಲ್ಲ. ಡ್ರೈವರನ್ನು ಮತ್ತೆ ಹಾಕಿದೆ. ಮತ್ತೆ ಮಬ್ಬು, ಮೈಗೆ ಸೋಪು ಹಚ್ಚಿಕೊಂಡವರು ಎರಡನೆಯ ಗ್ರಹಣದಲ್ಲಿ ಸಿಕ್ಕಿಬಿದ್ದರು. ಹಳೆಯ ಡ್ರೈವರ್ ಹಾಕಿ ನೋಡಿದೆ, ಹೊಸದು ಹಾಕಿ ನೋಡಿದೆ. ಮೂರು ತಾಸಿನಲ್ಲಿ ಸಿರಗುಂಪಿ ನಾಲ್ಕು ಹಗಲು ಐದು ಸಂಜೆ ಕಂಡಿತು. ನಮ್ಮ ಓಣಿಯ ಒಂದು ಜವಾರಿ ಕೋಳಿ ಪ್ರತಿ ಬೆಳಗಿಗೂ ಒಂದರಂತೆ ನಾಲ್ಕು ಮೊಟ್ಟೆಯಿಟ್ಟು, ಐದನೆಯ ಸಂಜೆಗೆ ಕೂಗಿ ಪ್ರತಿಭಟಿಸಿತು. ನಂಬದವರು ಕೋಳಿಯನ್ನೇ ಕೇಳಬಹುದು.

ಮೂರು ಗಂಟೆಯಾಯಿತು. ಮಾಡುವುದೇನೆಂದು ನಾವು ನಾಲ್ವರೂ ಲ್ಯಾಪ್‌ಟಾಪ್ ಬಿಟ್ಟು ಕಿಟಕಿಯ ಬಳಿ ನಿಂತು ವಾದಿಸುತ್ತಿದ್ದೆವು. ಐದು ನಿಮಿಷ ಯಾರೂ ಮುಟ್ಟದಿದ್ದರೆ ಪರದೆ ಆರಿಸುವುದು ಲ್ಯಾಪ್‌ಟಾಪಿನ ಅಭ್ಯಾಸ; ಮೊದಲ ದಿನವೇ ನಾನು ಬಿಡಿಸಿದ್ದ ಆ ಅಭ್ಯಾಸ, ಡ್ರೈವರ್ ಕಿತ್ತು ಮತ್ತೆ ಹಾಕಿದ್ದರಿಂದ ಮರಳಿ ಬಂದಿತ್ತು. ಅದು ತನ್ನ ಎರಡೂ ಪರದೆಗಳನ್ನು ಆರಿಸಿತು. ಒಂದು ಮೇಜಿನ ಮೇಲಿನದು, ಇನ್ನೊಂದು ಆಕಾಶದ್ದು. ಕಣ್ಣಿಗೆ ಕೈ ಕಾಣದಂಥ ಕಪ್ಪು ಕವಿಯಿತು. ಕತ್ತಲೆಯಲ್ಲಿ ಡಾಕ್ಟರ್ ಕಟ್ಟಿಯವರ ದನಿ ಸಮಾಧಾನವಾಗಿಯೇ ಕೇಳಿಸಿತು.

“ಹುಚ್ಚೀರಪ್ಪ, ನೀವು ಏನರೆ ಮುಟ್ಟಿದ್ರೇನು?”

ಮುಟ್ಟದೇ ಇದ್ದದ್ದಕ್ಕೇ ಹೀಗಾಗಿದೆ ಎಂದು ಹೇಳಿ, ತಡವರಿಸಿಕೊಂಡು ಹೋಗಿ ಲ್ಯಾಪ್‌ಟಾಪಿನ ಮೇಲೆ ಬೆರಳಾಡಿಸಿದೆ. ಎರಡೂ ಪರದೆಗಳು ಎದ್ದವು. ಆಗ ಬಿದ್ದ ಮಬ್ಬು ಬೆಳಕಿನಲ್ಲಿ ಲ್ಯಾಪ್‌ಟಾಪಿನ ಮುಖ ನೋಡಿದೆ. ಪರದೆಯ ಮೇಲಂಚಿನ ನಡುವೆ, ಸರಿಯಾಗಿ ಹಣೆಯ ಜಾಗದಲ್ಲಿ, ಮೂರು ಬೆರಳ ವಿಭೂತಿ. ವಿಭೂತಿಯ ನಡುವೆ ಎಂಟಾಣೆಯಷ್ಟು ಅಗಲದ ಕುಂಕುಮ.

ಆ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಒಂದು ತೂತಿರುತ್ತದೆ. ಅದರೊಳಗೊಂದು ಬೆಳಕಿನ ಕಣ್ಣು. ಕೋಣೆಯಲ್ಲಿ ಬೆಳಕು ಹೆಚ್ಚಿದ್ದರೆ ಅದು ಪರದೆಯನ್ನು ಪ್ರಖರ ಮಾಡುತ್ತದೆ, ಕತ್ತಲಿದ್ದರೆ ನೋಡುವವರ ಕಣ್ಣಿಗೆ ನೋವಾಗದಿರಲೆಂದು ಮಂದ ಮಾಡುತ್ತದೆ. ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಸ್ವಯಂಚಾಲಿತ ಬ್ರೈಟ್‌ನೆಸ್ ಎಂಬ ಒಂದು ಸಣ್ಣ ಚೌಕಕ್ಕೆ ಟಿಕ್ ಇದ್ದರೆ ಈ ಕಣ್ಣಿನ ಮಾತೇ ಮಾತು. ಆ ಟಿಕ್ ತೆಗೆಯುವುದನ್ನು ನಾನು ಮರೆತಿದ್ದೆ. ಒಂಬತ್ತು ದಿನ ಕಿಟಕಿಗಳ ಪರದೆ ಮುಚ್ಚಿದ್ದರಿಂದ, ಒಂದೇ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಆ ಕಣ್ಣು ಐವತ್ತೈದನ್ನೇ ಒಪ್ಪಿಕೊಂಡು ಸುಮ್ಮನಿತ್ತು. ಇಂದು ಫಕೀರಪ್ಪ ಭಕ್ತಿಯಿಂದ ಅದರ ಮೇಲೆ ಕುಂಕುಮ ಒತ್ತಿದ. ಲೋಕವೇ ಕತ್ತಲಾಯಿತೆಂದು ಅದು ತಿಳಿಯಿತು. ತಿಳಿದದ್ದನ್ನು ಆಕಾಶಕ್ಕೂ ಹೇಳಿತು.

ಇದನ್ನು ಕಂಡುಹಿಡಿದದ್ದು ನಾನು. ಮೊದಲು ಬೆರಳು ತೋರಿಸಿ, ಈ ಕುಂಕುಮ ಅಲ್ಲಿ ಯಾಕಿದೆ ಎಂದವಳು ತಾನೆಂದು ನೀಲವ್ವ ಹೇಳುತ್ತಾಳೆ. ಒಂದೇ ಮನೆಯಲ್ಲಿ ಇರುವವರು ಇಂಥ ಸಣ್ಣ ವಿಷಯಕ್ಕೆ ಲೆಕ್ಕ ಹಾಕಬಾರದು.

ಒರೆಸಲು ಕೈ ಚಾಚಿದೆ. ನಾನು ಗುಂಡಿ ಒತ್ತುವುದನ್ನು ಇಷ್ಟು ಹೊತ್ತು ಹೇಗೋ ಸಹಿಸಿಕೊಂಡಿದ್ದ ಫಕೀರಪ್ಪ ಈಗ ಅಡ್ಡ ಬಂದ. ಖಂಡೇನವಮಿಯಂದು ಪೂಜೆಯಾದ ಆಯುಧವನ್ನು ಮರುದಿನ ಬನ್ನಿ ಮುಡಿಯುವತನಕ ಮುಟ್ಟಬಾರದು, ಅದರಿಂದ ಕೆಲಸ ತೆಗೆಯಬಾರದು, ಹಣೆ ಒರೆಸುವುದಂತೂ ಕೇಳಲೇಬಾರದು. ಮೂವತ್ತು ವರ್ಷದಿಂದ ತಾನು ಪೂಜೆ ಮಾಡಿದ ಒಂದು ಸ್ಪ್ಯಾನರನ್ನೂ ಯಾರೂ ಮುಟ್ಟಿಲ್ಲ ಎಂದ. ಅವನ ಕಣ್ಣಲ್ಲಿ ನೀರಿತ್ತು. ತನ್ನ ಕೈಯಿಂದಲೇ ಊರಿಗೆ ಕತ್ತಲಾಯಿತೆಂಬುದು ಅವನಿಗೆ ಆಗಷ್ಟೇ ಹೊಳೆದಿತ್ತು. ಡಾಕ್ಟರ್ ಕಟ್ಟಿಯವರು ವಿಜ್ಞಾನದ ನಾಲ್ಕು ಮಾತು ಹೇಳಲು ಹೋಗಿ, ಅವನ ಮುಖ ನೋಡಿ ನಿಲ್ಲಿಸಿಬಿಟ್ಟರು.

ನೀಲವ್ವ ಮುಂದೆ ಬಂದಳು.

“ಕಾಕಾ, ಹಸುಗೂಸಿನ ಕಣ್ಣಾಗ ಕಾಡಿಗಿ ಹೋದ್ರ ಏನ್ ಮಾಡ್ತೀರಿ? ನಾಳಿತನಕ ಬಿಡ್ತೀರೇನು?”

ಫಕೀರಪ್ಪ ತಾನೇ ಹೆಗಲ ಮೇಲಿನ ವಸ್ತ್ರದ ತುದಿಯನ್ನು ನೀರಿನಲ್ಲಿ ಅದ್ದಿ, ಮಗುವಿನ ಕಣ್ಣೊರೆಸುವ ಹಾಗೆ ಆ ತೂತಿನಷ್ಟನ್ನೇ ಒರೆಸಿದ. ಕುಂಕುಮವನ್ನು ಒಂದು ಬೆರಳು ಪಕ್ಕಕ್ಕೆ ಹಚ್ಚಿದ. ಕೈ ಮುಗಿದ.

ಬೆಳಕು ಏರಿತು. ಐವತ್ತೈದಕ್ಕೆ ಬಂತು. ನಾನು ಕುರ್ಚಿಗೆ ಒರಗಿ, ಇಷ್ಟೇ ನೋಡಿ ಎನ್ನುವಷ್ಟರಲ್ಲಿ ಅರವತ್ತಾಯಿತು. ಎಪ್ಪತ್ತಾಯಿತು. ಎಂಬತ್ತಕ್ಕೆ ಡಾಕ್ಟರರಿಗೆ ಹೊಳೆಯಿತು: ಆಕಾಶ ನೋಡಲೆಂದು ಅವರು ಕಿಟಕಿಯ ಪರದೆ ಸರಿಸಿದ್ದರಲ್ಲ, ಈಗ ಆ ಕಣ್ಣಿಗೆ ಆಕಾಶವೇ ಕಾಣುತ್ತಿತ್ತು. ಆಕಾಶ ಬೆಳಗಾದರೆ ಕೋಣೆ ಬೆಳಗಾಗುತ್ತದೆ. ಕೋಣೆ ಬೆಳಗಾಯಿತೆಂದು ಕಣ್ಣು ಆಕಾಶವನ್ನು ಇನ್ನಷ್ಟು ಬೆಳಗಿಸುತ್ತದೆ. ಹೊಗಳಿಕೆಗೆ ಉಬ್ಬಿ, ಉಬ್ಬಿದ್ದಕ್ಕೆ ಮತ್ತಷ್ಟು ಹೊಗಳಿಸಿಕೊಳ್ಳುವ ಕೆಲವರಿರುತ್ತಾರೆ, ಹಾಗೆ. ನನಗೆ ಅಂಥವರ ಪರಿಚಯವಿಲ್ಲ. ನೂರು ಮುಟ್ಟಿತು. ಚಪ್ಪರದಲ್ಲಿ ಒಂದೂ ಹಾಳೆ ಮುಚ್ಚಿರಲಿಲ್ಲ. ಗುಡ್ಡದ ಕೆಳಗೆ ಕಲ್ಲಿನ ಯಾರ್ಡು ಹೆಂಚಿನಂತೆ ಹೊಳೆಯಿತು.

ನಾನು ಸೆಟ್ಟಿಂಗಿಗೆ ಇಳಿದೆ. ಅದೊಂದು ಹಳೆಯ ವಾಡೆಯಿದ್ದ ಹಾಗೆ. ಮೊದಲ ಬಾಗಿಲು ಸಿಸ್ಟಮ್, ಅದರೊಳಗೆ ಡಿಸ್‌ಪ್ಲೇ ಎಂಬ ಪಡಸಾಲೆ, ಪಡಸಾಲೆಯ ಮೂಲೆಯಲ್ಲಿ ಬ್ರೈಟ್‌ನೆಸ್ ಎಂಬ ಕೋಣೆ, ಕೋಣೆಯ ಗೋಡೆಯಲ್ಲಿ ಒಂದು ಮಾಡ, ಮಾಡದಲ್ಲಿ ಆ ಚೌಕ. ಬೇರೆಯವರಾಗಿದ್ದರೆ ದಾರಿ ತಪ್ಪಿ ಮೂರು ದಿನ ಅಲೆಯುತ್ತಿದ್ದರು. ನಾನು ಅರ್ಧ ನಿಮಿಷದಲ್ಲಿ ಟಿಕ್ ತೆಗೆದೆ. ಅಲ್ಲಿಂದ ಹಾಗೆಯೇ ವಿದ್ಯುತ್ ಉಳಿತಾಯದ ಕೋಣೆಗೆ ಹೋಗಿ, ಐದು ನಿಮಿಷಕ್ಕೆ ಪರದೆ ಆರಿಸು ಎಂದಿದ್ದಲ್ಲಿ ಎಂದಿಗೂ ಬೇಡ ಎಂದು ಬರೆದೆ. ಚಾರ್ಜರ್ ಕಿತ್ತರೆ ಮಂದವಾಗು ಎಂಬುದನ್ನೂ ತೆಗೆದೆ. ಗುಂಡಿ ಒತ್ತಿ ಇಳಿಸಿದೆ. ಬೆಳಕು ಇಳಿದಲ್ಲಿಯೇ ನಿಂತಿತು. ಇನ್ನು ಆ ಕಣ್ಣು ಏನು ಕಂಡರೂ ಸುಮ್ಮನಿರಬೇಕು.

ಎಲ್ಲ ಸರಿಹೋಯಿತು ಎಂದುಕೊಂಡೆವು. ಹೊರಗೆ ಜೀಪು ನಿಂತ ಸದ್ದಾಯಿತು. ಮೂರೂವರೆ. ತಂಡ ಅರ್ಧ ಗಂಟೆ ಮೊದಲೇ ಬಂದಿತ್ತು.

ತಂಡದ ಮುಖ್ಯಸ್ಥರು ರಾಘವೇಂದ್ರ ಉಪ್ಪಳ್ಳಿ ಎಂಬವರು. ಬಿಳಿ ಬೂಟು, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಕಾಗದ. ಹಿಂದೆ ಇಬ್ಬರು, ಅವರೂ ಕಾಗದದವರೇ. ದಾರಿಯುದ್ದಕ್ಕೂ ಹಗಲು ರಾತ್ರಿ ಅದಲು ಬದಲಾದದ್ದನ್ನು ಅವರು ಜೀಪಿನಿಂದ ನೋಡುತ್ತಲೇ ಬಂದಿದ್ದರು. ಒಂಬತ್ತು ಸಲವೆಂದು ಬರೆದುಕೊಂಡೂ ಇದ್ದರು. ಡಾಕ್ಟರ್ ಕಟ್ಟಿಯವರು ಒಂದನ್ನೂ ಮುಚ್ಚಿಡದೆ ಹೇಳಿದರು. ಸಿಡಿಲು, ಲ್ಯಾಪ್‌ಟಾಪು, ಕುಂಕುಮ, ಕಣ್ಣು, ಟಿಕ್. ಉಪ್ಪಳ್ಳಿಯವರು ಒಮ್ಮೆಯೂ ನಗಲಿಲ್ಲ. ಕೊನೆಗೆ, ಸ್ವಯಂಚಾಲಿತವನ್ನು ತೆಗೆದಿದ್ದೀರಿ, ಹೊತ್ತು ಹೊತ್ತಿನ ಅಳತೆಯ ಕೋಷ್ಟಕ ದೊಡ್ಡ ಕಂಪ್ಯೂಟರಿನೊಂದಿಗೆ ಸುಟ್ಟಿದೆ, ಈಗ ಎಷ್ಟು ಬೆಳಕು ಬಿಡಬೇಕೆಂದು ಯಾವುದು ತೀರ್ಮಾನಿಸುತ್ತದೆ ಎಂದು ಕೇಳಿದರು. ಛಾವಣಿಯ ಮೇಲೆ ಬೆಳಕಿನ ಮಾಪಕವಿದೆ ಎಂದರು ಡಾಕ್ಟರ್. ಮಾಪಕ ಬೆಳಕು ಎಷ್ಟಿದೆ ಎಂದು ಹೇಳುತ್ತದೆ, ಎಷ್ಟಿರಬೇಕು ಎಂದು ಹೇಳುವುದಿಲ್ಲ ಎಂದರು ಅವರು. ಆ ಮಾತು ನ್ಯಾಯವಾಗಿಯೇ ಇತ್ತು. ಪೆನ್ನಿನ ಟೋಪಿ ತೆಗೆದರು.

ನಾನು ಬಾಯಿ ತೆರೆದೆ. ಆದರೆ ನನಗಿಂತ ಮೊದಲೇ ಇನ್ನೊಂದು ದನಿ ಬಂತು.

“ಸಾಹೇಬ್ರ,” ಎಂದಳು ನೀಲವ್ವ, “ಬರಿಯೂಕಿಂತ ಮೊದಲ ನನ್ನ ಕೂಡ ಯಾರ್ಡಿಗೆ ಬರ್ರಿ. ಬೂಟ ಇಲ್ಲೇ ಬಿಡ್ರಿ.”

ಅವರು ಯಾಕೆ ಒಪ್ಪಿದರೋ ಗೊತ್ತಿಲ್ಲ. ಹೆಂಗಸೊಬ್ಬಳು ತಮಗೆ ಬೂಟು ಬಿಡಲು ಹೇಳಿದ್ದು ಅವರ ನೌಕರಿಯಲ್ಲಿ ಅದೇ ಮೊದಲಿರಬೇಕು. ಲ್ಯಾಪ್‌ಟಾಪಿನ ಮುಂದೆ ನನ್ನನ್ನು ಕೂರಿಸಿ, ಮೊಬೈಲಿನಲ್ಲಿ ತನ್ನೊಡನೆ ಮಾತಾಡುತ್ತಲೇ ಇರಬೇಕೆಂದು ಹೇಳಿ ಹೊರಟಳು. ಕಿಟಕಿಯಿಂದ ನೋಡಿದೆ. ಯಾರ್ಡಿನ ನಡುವೆ ಹಬ್ಬಕ್ಕೆ ಕೆಲಸ ನಿಲ್ಲಿಸಿದ ಮಶೀನುಗಳು, ಕರಿಕಲ್ಲಿನ ಹಲಗೆಗಳ ಸಾಲು. ಒಂದು ಹಲಗೆಯ ಮೇಲೆ ನೀಲವ್ವ, ಪಕ್ಕದ ಹಲಗೆಯ ಮೇಲೆ ಬರಿಗಾಲಿನ ಉಪ್ಪಳ್ಳಿಯವರು.

“ನೂರಕ್ಕ ಏರಸ್ರಿ,” ಎಂದಳು ಫೋನಿನಲ್ಲಿ.

ಏರಿಸಿದೆ. ಆಶ್ವೀಜದ ಇಳಿಬಿಸಿಲೇ, ಆದರೆ ಸಿರಗುಂಪಿಯದು. ಹತ್ತು ನಿಮಿಷ ಹಾಗೆಯೇ ಇರಿಸಿದಳು. ಉಪ್ಪಳ್ಳಿಯವರು ಮೊದಲು ಎಡಗಾಲು ಎತ್ತಿದರು, ಆಮೇಲೆ ಬಲಗಾಲು, ಆಮೇಲೆ ಎರಡನ್ನೂ ಎತ್ತಲು ನೋಡಿದರು. ಅಂಥ ಕುಣಿತವನ್ನು ನಾನು ಯಾವ ನಾಟಕದಲ್ಲೂ ನೋಡಿಲ್ಲ. ನೀಲವ್ವ ಅಲ್ಲಾಡದೆ ನಿಂತಿದ್ದಳು. ಆಮೇಲೆ ಇಳಿಸುತ್ತ ಬರಲು ಹೇಳಿದಳು. ಎಂಬತ್ತು. ನಿಲ್ಲಸ್ರಿ. ಎಪ್ಪತ್ತು. ನಿಲ್ಲಸ್ರಿ. ಗಾಳಿ ಬೀಸಿದಾಗ ಒಂದು ಗೆರೆ ಏರಿಸಿದಳು, ಗಾಳಿ ನಿಂತಾಗ ಎರಡು ಗೆರೆ ಇಳಿಸಿದಳು. ಐವತ್ತೆಂಟಕ್ಕೆ ಬಗ್ಗಿ ಹಲಗೆಯ ಮೇಲೆ ಅಂಗೈಯಿಟ್ಟಳು. ಬಹಳ ಹೊತ್ತು ಇಟ್ಟಳು. ಇಲ್ಲಿಯೇ ಇರಲಿ ಎಂದಳು.

ಉಪ್ಪಳ್ಳಿಯವರ ಕಾಲುಗಳು ಸುಮ್ಮನಾಗಿದ್ದವು. ಅವರು ಏನೋ ಕೇಳಿದರು. ಫೋನಿನಲ್ಲಿ ನನಗೆ ಕೇಳಿಸಿದ್ದು ನೀಲವ್ವನ ಉತ್ತರ ಮಾತ್ರ.

“ನಾ ಬಿದ್ದ ದಿನ ಮಾಪಕದಾಗ ಎಷ್ಟಿತ್ತು ಅಂತ ನನಗೆ ಗೊತ್ತಿಲ್ರಿ. ಬೀಳೂಕಿಂತ ಮೊದಲ ಕಲ್ಲು ಹ್ಯಾಂಗಿತ್ತು ಅಂತ ಗೊತ್ತೈತಿ.”

ಡಾಕ್ಟರ್ ಕಟ್ಟಿಯವರು ನನ್ನ ಪಕ್ಕದಲ್ಲೇ ನಿಂತು ಪ್ರತಿ ಗೆರೆಯನ್ನೂ, ಗಾಳಿಯನ್ನೂ, ಕಲ್ಲಿನ ಬಿಸಿಯನ್ನೂ ಬರೆದುಕೊಳ್ಳುತ್ತಿದ್ದರು. ಸುಟ್ಟುಹೋದ ಕೋಷ್ಟಕ ಮಾಡುವಾಗ ಕಲ್ಲಿನ ಮೇಲೆ ನಿಂತವರನ್ನು ತಾವು ಒಬ್ಬರನ್ನೂ ಕೇಳಿರಲಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು.

ಉಪ್ಪಳ್ಳಿಯವರು ಬರಿಗಾಲಿನಲ್ಲೇ ಗುಡ್ಡ ಹತ್ತಿ ಬಂದು, ತಮ್ಮ ಕಾಗದದ ಮೇಲೆ ಬರೆದರು. ಚಪ್ಪರ ಸಿರಗುಂಪಿಯಲ್ಲಿಯೇ ಇರತಕ್ಕದ್ದು. ಬೆಳಕಿನ ಪ್ರಮಾಣವನ್ನು ಯಂತ್ರವಲ್ಲ, ಬಿಸಿಲಿನಲ್ಲಿ ದುಡಿಯುವವರಲ್ಲಿ ಒಬ್ಬರು ಸ್ಥಳದಲ್ಲಿ ನಿಂತು ಗೊತ್ತುಪಡಿಸತಕ್ಕದ್ದು. ಸದ್ಯಕ್ಕೆ ಆ ಕೆಲಸಕ್ಕೆ ಕಲ್ಲಿನ ಯಾರ್ಡಿನ ನೀಲವ್ವನವರು. ಓದಿ ಹೇಳಿ, ಬೂಟು ಹುಡುಕಿದರು. ಫಕೀರಪ್ಪ ಅವನ್ನೂ ಯಂತ್ರಗಳ ಸಾಲಿನಲ್ಲಿಟ್ಟು ಹೂವೇರಿಸಿದ್ದ.

ಈಗ ಹೊಸ ಕಂಪ್ಯೂಟರ್ ಬಂದಿದೆ. ಆದರೆ ಅದರ ಮುಂದೆಯೂ ದಿನಕ್ಕೆ ಮೂರು ಸಲ ನೀಲವ್ವನೇ ಕೂರುತ್ತಾಳೆ. ಉಳಿದ ಹೊತ್ತು ಯಾರ್ಡಿನಲ್ಲಿ ಕಲ್ಲಿನ ಮೇಲೆ ನಿಂತಿರುತ್ತಾಳೆ. ಊರಿನವರೆಲ್ಲ ಅವಳ ಬಳಿ ಅಹವಾಲು ತರುತ್ತಾರೆ. ಹಪ್ಪಳದವರಿಗೆ ನೂರು ಬೇಕು, ಹೂವಿನವರಿಗೆ ನಲವತ್ತು. ಸ್ವೆಟರಿನ ಸಾಹುಕಾರ ಇಪ್ಪತ್ತು ಕೇಳಿ ಬೈಸಿಕೊಂಡ. ಮದುವೆಯ ಫೋಟೋದವರು ಬಂದು ಕಾಲು ಗಂಟೆಯ ಮಟ್ಟಿಗೆ ಸಂಜೆಯ ಬಣ್ಣ ಮಾಡಿಕೊಡಿ ಎಂದು ಅಂಗಲಾಚುತ್ತಾರೆ. ಅವಳು ಎಲ್ಲರ ಮಾತನ್ನೂ ಕೇಳುತ್ತಾಳೆ, ಅಂಗೈಯನ್ನು ಕಲ್ಲಿನ ಮೇಲಿಟ್ಟು ಯೋಚಿಸುತ್ತಾಳೆ, ಆಮೇಲೆ ಹೇಳುತ್ತಾಳೆ. ಎರಡು ಚೈತ್ರ ಕಳೆದವು. ಯಾರ್ಡಿನಲ್ಲಿ ಒಬ್ಬರೂ ಬಿದ್ದಿಲ್ಲ.

ಮೊನ್ನೆ ನಾನೂ ಹೋದೆ. ನನ್ನ ಅಂಗಡಿಯ ಬೋರ್ಡಿಗೆ ಹೊಸ ಬಣ್ಣ ಹಚ್ಚಿಸಿದ್ದೆ. ಬಸ್ ಸ್ಟ್ಯಾಂಡಿನ ಮೇಲಿನ ಒಂದೇ ಒಂದು ಹಾಳೆಯನ್ನು ಅರ್ಧ ತಾಸು ತೆರೆದರೆ ಬೋರ್ಡು ಏಳು ತಾಲೂಕಿಗೆ ಕಾಣುತ್ತದೆ ಎಂಬ ಸಣ್ಣ ಆಸೆ. ಆಕಾಶವನ್ನು ಮೊದಲು ಗುಂಡಿಗೆ ಕಟ್ಟಿದವನು ನಾನಲ್ಲವೇ? ನೇರವಾಗಿ ಮುಂದೆ ಹೋಗಿ ಕೇಳಿದೆ. ನೀಲವ್ವ ಕಲ್ಲಿನಿಂದ ಕೈ ತೆಗೆಯಲಿಲ್ಲ, ತಲೆಯನ್ನೂ ಎತ್ತಲಿಲ್ಲ.

“ಸಾಲಿನ್ಯಾಗ ನಿಂದ್ರಿ,” ಎಂದಳು.

ನನ್ನ ಮುಂದೆ ಹದಿನೇಳು ಜನರಿದ್ದರು. ಮಧ್ಯಾಹ್ನ ಒಂದು ಗಂಟೆ. ನಿಂತೆ. ನೆರಳು ತಂಪಾಗಿತ್ತು.